ಓರೆಯಾದ ಚಕ್ರ ದುಂಡಗಾದ ಕಥೆ

ಫ್ರಾನ್ಸಿನ ಝಾಕ್ ಆಂರಿ ಲಾರ್ತಿಗ್‌ಗೆ ಚಿಕ್ಕಂದಿನಿಂದಲೂ ಎರಡು ಹುಚ್ಚು: ಕ್ಯಾಮೆರಾ ಮತ್ತು ವೇಗ. 1910ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತು ತುಂಬದ ಈ ಹುಡುಗ ಕಾರ್ ಪಂದ್ಯವೊಂದರ ರಸ್ತೆಬದಿಯಲ್ಲಿ ನಿಂತು ಒಂದು ಚಿತ್ರ ತೆಗೆದ. ಅದರಲ್ಲಿ ಕಾರಿನ ಚಕ್ರ ದುಂಡಗಿಲ್ಲ. ಮೊಟ್ಟೆಯ ಆಕಾರ ತಾಳಿ ಮುಂದಕ್ಕೆ ವಾಲಿದೆ. ಹಿಂದೆ ನಿಂತ ಪ್ರೇಕ್ಷಕರೂ ಕಂಬಗಳೂ ಗಾಳಿಗೆ ಸಿಕ್ಕವರಂತೆ ಎದುರು ದಿಕ್ಕಿಗೆ ಬಾಗಿದ್ದಾರೆ.

ಇದು ಕ್ಯಾಮೆರಾ ಮಾಡಿದ ತಪ್ಪು. ಗಾಜಿನ ಫಲಕದ ಮುಂದೆ ಒಂದು ಪರದೆ, ಪರದೆಯಲ್ಲಿ ಒಂದು ಸೀಳು. ಸೀಳು ಫಲಕದ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿಯುತ್ತ ಹೋದಂತೆ ಬೆಳಕು ಒಳಗೆ ಬೀಳುತ್ತದೆ. ಚಕ್ರದ ಕೆಳಭಾಗ ದಾಖಲಾಗುವ ಹೊತ್ತಿಗೂ ಮೇಲ್ಭಾಗ ದಾಖಲಾಗುವ ಹೊತ್ತಿಗೂ ನಡುವೆ ಕಾರು ಮುಂದೆ ಹೋಗಿತ್ತು. ಲಾರ್ತಿಗ್ ಕ್ಯಾಮೆರಾವನ್ನೂ ಕಾರಿನ ಜೊತೆ ತಿರುಗಿಸಿದ್ದ, ಆದರೆ ಕಾರಿನಷ್ಟು ವೇಗವಾಗಿ ಅಲ್ಲ. ಹಾಗಾಗಿ ನಿಂತವರು ಹಿಂದಕ್ಕೆ ಬಾಗಿದರು.

ಈ ತಪ್ಪನ್ನು ಪೂರ್ತಿಯಾಗಿ ತಿದ್ದಲು ಕ್ಯಾಮೆರಾ ಲೋಕಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಆ ದಾರಿಯಲ್ಲಿ ಕ್ಯಾಮೆರಾದ ಒಡಲೇ ಬದಲಾಯಿತು.

ಫಿಲ್ಮ್‌ಗೆ ಎರಡು ಕೆಲಸ ಬರುತ್ತಿರಲಿಲ್ಲ. ತಾನು ನೋಡುತ್ತಿರುವುದನ್ನು ಛಾಯಾಗ್ರಾಹಕನಿಗೆ ತೋರಿಸಲು ಬರುತ್ತಿರಲಿಲ್ಲ, ಅದಕ್ಕಾಗಿ ಕನ್ನಡಿ ಬಂತು. ಬೆಳಕು ಸಾಕು ಎಂದು ತಾನಾಗಿ ಕಣ್ಣು ಮುಚ್ಚಲು ಬರುತ್ತಿರಲಿಲ್ಲ, ಅದಕ್ಕಾಗಿ ಶಟರ್ ಬಂತು. 1959ರ ನಿಕಾನ್ ಎಫ್‌ನಂಥ ಎಸ್‌ಎಲ್‌ಆರ್ ಕ್ಯಾಮೆರಾದ ಗಾತ್ರ, ತೂಕ, ನೆತ್ತಿಯ ಮೇಲಿನ ಗೂನು, ಕ್ಲಿಕ್ ಸದ್ದು ಎಲ್ಲವೂ ಈ ಎರಡು ಕೊರತೆಗಳಿಂದ ಹುಟ್ಟಿದವು. ಕನ್ನಡಿ ಮೇಲೇಳಲು ಜಾಗ ಬೇಕು. ಆದ್ದರಿಂದ ನಿಕಾನ್‌ನಲ್ಲಿ ಲೆನ್ಸ್ ಕೂರುವ ಉಂಗುರವು ಫಿಲ್ಮ್‌ನಿಂದ 46.5 ಮಿಲಿಮೀಟರ್ ದೂರದಲ್ಲಿರಬೇಕಾಗಿತ್ತು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿಯನ್ನು ರೂಪಿಸಿದರು. ಅದು ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಚಿಪ್ಪಾಯಿತು. 1975ರಲ್ಲಿ ಕೊಡಾಕ್‌ನ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥದ್ದೊಂದು ಚಿಪ್ಪಿನಿಂದ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ತೂಕ ಸುಮಾರು 3.6 ಕಿಲೋ, ಪಿಕ್ಸೆಲ್‌ಗಳು ಹತ್ತು ಸಾವಿರ. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು.

ಸಿಸಿಡಿ ಕೆಲಸ ಮಾಡುವ ರೀತಿ ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸಿದಂತೆ. ಪ್ರತಿ ಪಿಕ್ಸೆಲ್ ತನ್ನ ಪಾಲಿನ ವಿದ್ಯುತ್ತನ್ನು ಪಕ್ಕದವನಿಗೆ ಕೊಡುತ್ತದೆ, ಕೊನೆಯಲ್ಲಿ ಅಳೆಯುತ್ತಾರೆ. ಕೆಲವು ಬಗೆಯ ಸಿಸಿಡಿಗಳಲ್ಲಿ ಎಲ್ಲ ಪಿಕ್ಸೆಲ್‌ಗಳೂ ಒಂದೇ ಕ್ಷಣದಲ್ಲಿ ತಮ್ಮ ಕೊಡವನ್ನು ಬೆಳಕು ಬೀಳದ ಮೂಲೆಗೆ ಸರಿಸಬಲ್ಲವು. 1999ರ ನಿಕಾನ್ ಡಿ1ನಲ್ಲಿ ಇಂಥ ಚಿಪ್ಪೇ ಇತ್ತು. ಅಂದರೆ ಚಕ್ರವನ್ನು ದುಂಡಗೆ ಹಿಡಿಯುವ ವಿದ್ಯೆ ಆಗಲೇ ಒಮ್ಮೆ ಕೈಗೆ ಸಿಕ್ಕಿತ್ತು. ಸಿಕ್ಕದ್ದು ತಪ್ಪಿಹೋಯಿತು.

ತಪ್ಪಿಸಿದ್ದು ಇನ್ನೊಂದು ಒಳ್ಳೆಯ ಆವಿಷ್ಕಾರ. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ತಂಡ ಬಾಹ್ಯಾಕಾಶ ನೌಕೆಗಳಿಗೆ ಪುಟ್ಟ ಕ್ಯಾಮೆರಾ ಬೇಕೆಂದು ಸಿಮಾಸ್ ಸೆನ್ಸರ್ ಮೇಲೆ ಕೆಲಸ ಮಾಡಿತು. ಇಲ್ಲಿ ಕೊಡ ದಾಟಿಸುವುದಿಲ್ಲ, ಪ್ರತಿ ಮನೆಗೂ ತನ್ನದೇ ನಲ್ಲಿ. ಖರ್ಚು ಕಡಿಮೆ, ವಿದ್ಯುತ್ ಕಡಿಮೆ. ಕ್ಯಾನನ್ 2000ದಲ್ಲಿ ತನ್ನ ಡಿ30 ಕ್ಯಾಮೆರಾದಲ್ಲಿ ಸಿಮಾಸ್ ಬಳಸಿತು, ಮುಂದೆ ಉಳಿದವರೂ ಹಿಂಬಾಲಿಸಿದರು. ಆದರೆ ಸಿಮಾಸ್ ಚಿತ್ರವನ್ನು ಓದುವುದು ಸಾಲು ಸಾಲಾಗಿ, ಮೇಲಿನಿಂದ ಕೆಳಕ್ಕೆ. ಲಾರ್ತಿಗ್‌ನ ಸೀಳು ಹೊಸ ವೇಷದಲ್ಲಿ ಮರಳಿತ್ತು. ವಿಮಾನದ ರೆಕ್ಕೆಗಾಲಿ ಬಾಳೆಹಣ್ಣಿನಂತೆ ಬಾಗಿತು, ಎಲ್‌ಇಡಿ ಬೆಳಕಿನಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಮೂಡಿದವು. ಹಾಗಾಗಿ ಲೋಹದ ಶಟರ್ ಕ್ಯಾಮೆರಾದಲ್ಲೇ ಉಳಿಯಿತು.

ಮೊದಲು ಹೊರಟದ್ದು ಕನ್ನಡಿ. ಸೆನ್ಸರ್ ತಾನು ಕಂಡದ್ದನ್ನು ಎಡೆಬಿಡದೆ ತೋರಿಸಬಲ್ಲದು ಎಂದಾದ ಮೇಲೆ ಕನ್ನಡಿಗೆ ಕೆಲಸವಿರಲಿಲ್ಲ. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂತು, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಮಿರರ್‌ಲೆಸ್ ಕ್ಯಾಮೆರಾಗಳ ಯುಗ ಶುರುವಾಯಿತು. ಫೋಕಸ್ ಮಾಡುವ ಕೆಲಸವನ್ನೂ ಸೆನ್ಸರ್ ಕಲಿಯಿತು: 2013ರ ಕ್ಯಾನನ್ 70ಡಿ ಪ್ರತಿ ಪಿಕ್ಸೆಲ್ಲನ್ನೂ ಎರಡಾಗಿ ಸೀಳಿ, ಎರಡು ಕಣ್ಣುಗಳಂತೆ ಬಳಸಿತು. 2018ರಲ್ಲಿ ನಿಕಾನ್ ತನ್ನ ಝಡ್ ಸರಣಿ ತಂದಾಗ ಆ 46.5 ಮಿಲಿಮೀಟರ್ ಅಂತರ 16ಕ್ಕೆ ಇಳಿದಿತ್ತು. ಲೆನ್ಸ್ ಮಾಡುವವರಿಗೆ ದಶಕಗಳಿಂದ ಇದ್ದ ಕಟ್ಟು ಸಡಿಲಿತು.

ಆಮೇಲೆ ಶಟರ್‌ನ ಸರದಿ. 2017ರ ಸೋನಿ ಎ9ನಲ್ಲಿ ಸೆನ್ಸರ್‌ಗೇ ಮೆಮೊರಿ ಅಂಟಿಸಿ, ಪದರ ಪದರವಾಗಿ ಜೋಡಿಸಲಾಯಿತು. ಓದುವ ವೇಗ ಬಹಳ ಹೆಚ್ಚಿತು. 2021ರಲ್ಲಿ ನಿಕಾನ್ ಝಡ್9 ಲೋಹದ ಶಟರ್ ಇಲ್ಲದೆಯೇ ಬಂತು. 2023ರ ನವೆಂಬರ್‌ನಲ್ಲಿ ಸೋನಿ ಪ್ರಕಟಿಸಿದ ಎ9 III ಕ್ಯಾಮೆರಾದ 24.6 ಮೆಗಾಪಿಕ್ಸೆಲ್‌ಗಳೆಲ್ಲ ಒಂದೇ ಕ್ಷಣಕ್ಕೆ ಕಣ್ಣು ತೆರೆದು ಒಂದೇ ಕ್ಷಣಕ್ಕೆ ಮುಚ್ಚುತ್ತವೆ. ಸೆಕೆಂಡಿಗೆ 120 ಚಿತ್ರ, ಸೆಕೆಂಡಿನ 80,000ದಲ್ಲಿ ಒಂದು ಭಾಗದಷ್ಟು ಚಿಕ್ಕ ಕ್ಷಣ. ಚಕ್ರ ದುಂಡಗಾಯಿತು.

ಬೆಲೆ ತೆರದೆ ಬಂದದ್ದಲ್ಲ. ಹಿಡಿದ ವಿದ್ಯುತ್ತನ್ನು ಬಚ್ಚಿಡಲು ಪ್ರತಿ ಪಿಕ್ಸೆಲ್ಲಿನಲ್ಲೂ ಜಾಗ ಬೇಕು, ಆ ಜಾಗ ಬೆಳಕು ಹಿಡಿಯುವ ಪಾಲಿನಿಂದಲೇ ಹೋಗುತ್ತದೆ. ಈ ಕ್ಯಾಮೆರಾದ ಮೂಲ ಐಎಸ್‌ಒ 250. ಸಾಮಾನ್ಯವಾಗಿ 100 ಇರುವ ಕಡೆ ಇದು ದೊಡ್ಡ ಅಂತರ. ಗದ್ದೆಬಯಲಿನ ಮುಂಜಾವಿನ ನೆರಳು-ಬೆಳಕನ್ನು ನಿಧಾನವಾಗಿ ಹಿಡಿಯುವವರಿಗೆ ಹಳೆಯ ಬಗೆಯ ಸೆನ್ಸರೇ ಹೆಚ್ಚು ಕೊಡುತ್ತದೆ. ಎಲ್‌ಇಡಿ ಗೋಡೆಯ ಮುಂದೆ ಮದುವೆಯ ಚಿತ್ರ ತೆಗೆಯುವವರಿಗೆ, ಮೈದಾನದ ಅಂಚಿನಲ್ಲಿ ಕೂರುವವರಿಗೆ ಹೊಸದೇ ವರ.

ಮುಂದಿನ ಕ್ಯಾಮೆರಾದ ರೂಪ ಈ ಜಾಗದ ಜಗಳ ಹೇಗೆ ಬಗೆಹರಿಯುತ್ತದೆ ಎಂಬುದರ ಮೇಲೆ ನಿಂತಿದೆ. 2021ರಲ್ಲಿ ಸೋನಿ ಬೆಳಕು ಹಿಡಿಯುವ ಭಾಗವನ್ನೂ ಟ್ರಾನ್ಸಿಸ್ಟರ್‌ಗಳನ್ನೂ ಬೇರೆ ಬೇರೆ ಮಹಡಿಗಳಲ್ಲಿಡುವ ಸೆನ್ಸರ್ ವಿನ್ಯಾಸವನ್ನು ಪ್ರಕಟಿಸಿತು. ಊರಲ್ಲಿ ನಿವೇಶನ ಸಾಲದಾದಾಗ ಮನೆ ಮೇಲಕ್ಕೆ ಬೆಳೆಯುವ ಹಾಗೆ. ಮಹಡಿ ಹೆಚ್ಚಿದರೆ ಬಿಸಿಯೂ ಹೆಚ್ಚಬಹುದು. 2019ರಲ್ಲೇ ಶಟರ್ ಬಿಟ್ಟ ಸಿಗ್ಮಾದ ಪುಟ್ಟ ಎಫ್‌ಪಿ ಕ್ಯಾಮೆರಾಕ್ಕೆ ಬಿಸಿ ಹೊರಹಾಕುವ ಲೋಹದ ಪಕ್ಕೆಗಳು ಬೇಕಾದವು. ಅದೇ ವರ್ಷದ ಪ್ಯಾನಸೋನಿಕ್ ಎಸ್1ಎಚ್ ಒಳಗೆ ಫ್ಯಾನ್ ಇದೆ. ಹಿಂದೆ ಕ್ಯಾಮೆರಾದ ಆಕಾರವನ್ನು ಕನ್ನಡಿ ತೀರ್ಮಾನಿಸುತ್ತಿತ್ತು. ಇನ್ನು ಮುಂದೆ ಬಿಸಿ ತೀರ್ಮಾನಿಸಬಹುದು.

ಲಾರ್ತಿಗ್‌ನ ಚಿತ್ರಗಳಿಗೆ 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಪ್ರದರ್ಶನ ಏರ್ಪಡಿಸಿತು. ಆತನಿಗೆ ಆಗ ಎಪ್ಪತ್ತರ ಹತ್ತಿರ. ಜಗತ್ತು ಆತನನ್ನು ಗುರುತಿಸಿದ್ದು ಆಗ. ಆ ಕಾರಿನ ಚಿತ್ರವನ್ನು ಜನ ಇಂದಿಗೂ ನೋಡುತ್ತಾರೆ, ವೇಗ ಹೇಗಿರುತ್ತದೆ ಎಂದು ತೋರಿಸುವುದಕ್ಕಾಗಿ. ಎ9 III ಅದೇ ರಸ್ತೆಬದಿಯಲ್ಲಿ ಇದ್ದಿದ್ದರೆ ಪ್ರೇಕ್ಷಕರು ನೆಟ್ಟಗೆ ನಿಂತಿರುತ್ತಿದ್ದರು, ಚಕ್ರ ದುಂಡಗಿರುತ್ತಿತ್ತು, ಕಾರು ರಸ್ತೆಯಲ್ಲಿ ನಿಲ್ಲಿಸಿಟ್ಟಂತೆ ಕಾಣುತ್ತಿತ್ತು.

ನಿಕಾನ್ ಝಡ್9ನಲ್ಲಿ ಶಟರ್ ಇಲ್ಲದಿದ್ದರೂ ಗುಂಡಿ ಒತ್ತಿದಾಗ ಕ್ಲಿಕ್ ಎನ್ನುತ್ತದೆ. ಆ ಸದ್ದು ಸ್ಪೀಕರಿನಿಂದ ಬರುತ್ತದೆ. ಬೇಡವಾದವರು ಅದನ್ನು ಆಫ್ ಮಾಡಿಕೊಳ್ಳಬಹುದು.