ಮಲಪರೀಕ್ಷೆಯಿಂದ ಕೊಲೊನೋಸ್ಕೋಪಿಗೆ: ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ಇತಿಹಾಸ

ರೋಗಲಕ್ಷಣಗಳಿಲ್ಲದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರನ್ನು ಹುಡುಕುವ ತಪಾಸಣೆಗೆ ಎರಡು ಉದ್ದೇಶಗಳಿವೆ: ಹುಟ್ಟಿಕೊಂಡ ಕ್ಯಾನ್ಸರನ್ನು ಆರಂಭದಲ್ಲಿಯೇ ಗುರುತಿಸುವುದು ಮತ್ತು ಕ್ಯಾನ್ಸರಾಗಬಲ್ಲ ಗಂಟುಗಳನ್ನು ಮೊದಲೇ ತೆಗೆದು ರೋಗವನ್ನು ತಡೆಯುವುದು. ಇವು ಬೇರೆ ಬೇರೆ ಮೂಲಗಳಿಂದ ಬೆಳೆದವು. ಇವನ್ನು ಸಮರ್ಥಿಸುವ ಪುರಾವೆಗಳೂ ಒಂದೇ ಬಗೆಯವಲ್ಲ.

ಮೊದಲನೆಯದು ರಸಾಯನಶಾಸ್ತ್ರದಿಂದ ಬಂದಿತು. ಗ್ವಾಯಕಮ್ ಮರದ ರಾಳವು ರಕ್ತ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳ ಸಂಪರ್ಕದಲ್ಲಿ ನೀಲಿಯಾಗುತ್ತದೆಂಬುದು 19ನೆಯ ಶತಮಾನದಲ್ಲಿಯೇ ತಿಳಿದಿತ್ತು. ಈ ರಾಳವನ್ನು ಹೀರಿಸಿದ ಕಾಗದದ ಮೇಲೆ ರೋಗಿಗಳು ಮನೆಯಲ್ಲಿಯೇ ಮಲವನ್ನು ಲೇಪಿಸಿ ಕೊಡುವ ಕ್ರಮವನ್ನು ಅಮೆರಿಕದ ವೈದ್ಯ ಡೇವಿಡ್ ಗ್ರೀಗರ್ 1967ರಲ್ಲಿ ಪ್ರಕಟಿಸಿದ ಮೇಲೆ, ಕಣ್ಣಿಗೆ ಕಾಣದಷ್ಟು ಅಲ್ಪವಾದ ರಕ್ತವನ್ನು, ಅಂದರೆ ಗುಪ್ತ ರಕ್ತವನ್ನು, ಸುಲಭವಾಗಿ ಪತ್ತೆಹಚ್ಚುವುದು ಸಾಧ್ಯವಾಯಿತು.

ಎರಡನೆಯದು ರೋಗಶಾಸ್ತ್ರದಿಂದ ಬಂದಿತು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಕತ್‌ಬರ್ಟ್ ಡ್ಯೂಕ್ಸ್ 1920ರ ದಶಕದಲ್ಲಿ, ಕರುಳಿನ ಒಳಪದರದಲ್ಲಿ ಬೆಳೆಯುವ ಅಡಿನೋಮವೆಂಬ ನಿರಪಾಯಕಾರಿ ಗಂಟಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಅದೇ ಆಸ್ಪತ್ರೆಯ ಬೇಸಿಲ್ ಮಾರ್ಸನ್ ಆ ಗಂಟು ಕ್ಯಾನ್ಸರಾಗಿ ಮಾರ್ಪಡಬಲ್ಲದೆಂಬ ವಿಚಾರವನ್ನು 1970ರ ದಶಕದಲ್ಲಿ ಬಲಪಡಿಸಿದರು. ಈ ಮಾರ್ಪಾಡಿನ ಹಿಂದೆ ಜೀನ್‌ಗಳಲ್ಲಿ ಹಂತಹಂತವಾಗಿ ಕೂಡಿಕೊಳ್ಳುವ ಬದಲಾವಣೆಗಳಿವೆಯೆಂಬ ಮಾದರಿಯನ್ನು ಫಿಯರನ್ ಮತ್ತು ವೋಗೆಲ್‌ಸ್ಟೈನ್ 1990ರಲ್ಲಿ ಮಂಡಿಸಿದರು. ಅಷ್ಟರಲ್ಲಿ, 1969ರಲ್ಲಿ ನ್ಯೂಯಾರ್ಕಿನ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಕೊಲೊನೋಸ್ಕೋಪಿನ, ಎಂದರೆ ಗುದದ್ವಾರದ ಮೂಲಕ ಒಳಸೇರಿಸುವ ಬಾಗುವ ದರ್ಶಕನಳಿಕೆಯ, ಮೂಲಕವೇ ತಂತಿಯ ಕುಣಿಕೆ ಹಾಯಿಸಿ ಗಂಟುಗಳನ್ನು ಕತ್ತರಿಸಿ ತೆಗೆದಿದ್ದರಿಂದ, ಹೊಟ್ಟೆ ಕೊಯ್ಯದೆ ರೋಗ ತಡೆಯುವ ಸಾಧನವೂ ದೊರೆತಿತ್ತು.

ಎರಡೂ ವಿಧಾನಗಳ ಪ್ರಮುಖ ಫಲಿತಾಂಶಗಳು 1993ರಲ್ಲಿಯೇ ಪ್ರಕಟವಾದವು. ಮಿನೆಸೋಟದಲ್ಲಿ 46,551 ಜನರನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗದಲ್ಲಿ, ವರ್ಷಕ್ಕೊಮ್ಮೆ ಮಲಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಶೇ. 33ರಷ್ಟು ಕಡಿಮೆಯಾಗಿತ್ತು. ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನವು ಗಂಟುಗಳನ್ನು ತೆಗೆಸಿಕೊಂಡವರಲ್ಲಿ ಕ್ಯಾನ್ಸರ್ ಶೇ. 76ರಿಂದ 90ರಷ್ಟು ಇಳಿದಿದೆಯೆಂದು ತೋರಿಸಿತಾದರೂ, ಆ ಹೋಲಿಕೆ ನಡೆದದ್ದು ಹೊರಗಿನ ಜನಸಮೂಹಗಳ ದಾಖಲೆಗಳೊಂದಿಗೆ. ಕೊಲೊನೋಸ್ಕೋಪಿಗೆ ಆಹ್ವಾನ ನೀಡುವುದರ ಪರಿಣಾಮವನ್ನು ಅಳೆದ ಯುರೋಪಿನ ಯಾದೃಚ್ಛಿಕ ಪ್ರಯೋಗದ ವರದಿ ಬಂದದ್ದು 2022ರಲ್ಲಿ: ಆಹ್ವಾನಿತರ ಗುಂಪಿನಲ್ಲಿ ಹತ್ತು ವರ್ಷಗಳ ಅವಧಿಯ ಕ್ಯಾನ್ಸರ್ ಅಪಾಯ ಶೇ. 18ರಷ್ಟು ತಗ್ಗಿತ್ತು, ಸಾವಿನ ಪ್ರಮಾಣದಲ್ಲಿ ನಿಶ್ಚಿತ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಪರೀಕ್ಷೆ ಮಾಡಿಸಿಕೊಂಡವರು ಆಹ್ವಾನಿತರಲ್ಲಿ ಶೇ. 42ರಷ್ಟು ಮಾತ್ರ.

ಆದ್ದರಿಂದ ಈ ಇತಿಹಾಸವನ್ನು ಹಳೆಯ ಪರೀಕ್ಷೆಯನ್ನು ಹೊಸ ಉಪಕರಣವು ಹಿಂದಿಕ್ಕಿದ ಕಥೆಯೆಂದು ಓದುವುದು ಸರಿಯಾಗದು. 1992ರಲ್ಲಿ ಜಪಾನ್ ಮಾನವರಕ್ತವನ್ನೇ ಪ್ರತಿಕಾಯಗಳಿಂದ ಗುರುತಿಸುವ ಸುಧಾರಿತ ಮಲಪರೀಕ್ಷೆಯೊಂದಿಗೂ, 2006ರಲ್ಲಿ ಇಂಗ್ಲೆಂಡ್ ಗ್ವಾಯಕ್ ಪರೀಕ್ಷೆಯೊಂದಿಗೂ ರಾಷ್ಟ್ರೀಯ ಕಾರ್ಯಕ್ರಮಗಳನ್ನು ಆರಂಭಿಸಿದಾಗ, ಕೊಲೊನೋಸ್ಕೋಪಿಯು ರಕ್ತದ ಕುರುಹು ಕಂಡವರಿಗೆ ಮಾಡುವ ಎರಡನೆಯ ಹಂತದ ಪರೀಕ್ಷೆಯಾಯಿತು. ಹೀಗೆ ಪ್ರತ್ಯೇಕವಾಗಿ ಹುಟ್ಟಿದ ಎರಡು ವಿಧಾನಗಳು ಒಂದೇ ಕಾರ್ಯಕ್ರಮದ ಅನುಕ್ರಮ ಹಂತಗಳಾಗಿ ಕೂಡಿಕೊಂಡವು.