ರಾಮಾನುಜನ್ ಅವರ ಬಾಣಲೆ

ಜರ್ಮನಿಯಲ್ಲಿ ಓದುತ್ತಿರುವ ಮೊಮ್ಮಗ ಮೊನ್ನೆ ದೂರವಾಣಿಯಲ್ಲಿ ಸಾರು ಮಾಡುವ ಬಗೆಯನ್ನು ಕೇಳಿದ. ನನಗೆ ಗಣಿತಜ್ಞ ರಾಮಾನುಜನ್ ನೆನಪಾದರು.

1914ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದಾಗ ಅವರಿಗೆ 26 ವರ್ಷ. ಕಟ್ಟಾ ಸಸ್ಯಾಹಾರಿಗಳಾದ ಅವರು ಕಾಲೇಜಿನ ಭೋಜನಶಾಲೆಯನ್ನು ದೂರವಿಟ್ಟು, ಕೋಣೆಯಲ್ಲೇ ಸ್ವಯಂಪಾಕಕ್ಕೆ ತೊಡಗಿದರು. ಒಂದು ದಿನ ಗೆಳೆಯ ಪಿ. ಸಿ. ಮಹಲನೋಬಿಸ್ ಬಂದಾಗ ಬಾಣಲೆಯಲ್ಲಿ ಕೈಯಾಡಿಸುತ್ತಿದ್ದರಂತೆ. ಅವರು ಪತ್ರಿಕೆಯೊಂದರ ಒಗಟನ್ನು ಓದಿದರು: 1ರಿಂದ ಅನುಕ್ರಮವಾಗಿ ಸಂಖ್ಯೆ ಕೊಟ್ಟ ಬೀದಿಯಲ್ಲಿ 50ಕ್ಕೆ ಮೇಲ್ಪಟ್ಟು 500ಕ್ಕೆ ಒಳಪಟ್ಟು ಮನೆಗಳಿವೆ; ಒಂದು ಮನೆಯ ಎಡಬಲಗಳ ಸಂಖ್ಯೆಗಳ ಮೊತ್ತ ಸಮ; ಆ ಮನೆ ಯಾವುದು? ಕೈಯಾಡಿಸುತ್ತಲೇ ರಾಮಾನುಜನ್, ಇಂಥ ಎಲ್ಲ ಉತ್ತರಗಳನ್ನೂ ಕೊಡುವ ಸೂತ್ರವನ್ನು ಹೇಳಿ ಬರೆಸಿದರು. (288 ಮನೆಗಳಲ್ಲಿ 204ನೆಯದು. ತಾಳೆ ನೋಡಿ, ಮರೆತಿರಲಾರಿರಿ!)

ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗ ನಾನು ಸೂತ್ರವನ್ನು ಮೆರೆಸಿ ಬಾಣಲೆಯನ್ನು ಮರೆಯುತ್ತಿದ್ದೆ. ಮಹಾಯುದ್ಧದಿಂದ ಅಡುಗೆಯ ಪದಾರ್ಥಗಳು ದುರ್ಲಭವಾದವು. ಲೆಕ್ಕದಲ್ಲಿ ಮುಳುಗಿದವರಿಗೆ ಊಟದ ಹೊತ್ತಿನ ಪರಿವೆಯೂ ಇರಲಿಲ್ಲ. 1917ರಲ್ಲಿ ಹಾಸಿಗೆ ಹಿಡಿದರು. 1920ರಲ್ಲಿ, 32ನೆಯ ವಯಸ್ಸಿಗೇ ತೀರಿಕೊಂಡರು. ರೋಗಕ್ಕೆ ಅಡುಗೆಯೊಂದನ್ನೇ ದೂರುವುದು ತರವಲ್ಲ. ಆದರೂ ಆ ಒಂಟಿ ಒಲೆ ನನ್ನನ್ನು ಕಾಡುತ್ತದೆ.

ಸಾರಿನಪುಡಿಯ ಅಳತೆ ಹೇಳಿಯಾದ ಮೇಲೆ, “ಯಾರೊಡನೆ ಉಣ್ಣುತ್ತೀಯಪ್ಪಾ?” ಎಂದೆ.

“ಪಕ್ಕದ ಕೋಣೆಯಲ್ಲಿ ತಮಿಳು ಹುಡುಗನಿದ್ದಾನೆ, ತಾತ. ಅನ್ನ ಅವನದು.”