ಹಿಮದ ಮೇಲಿನ ಹೆಜ್ಜೆ

ಮಗಳ ಬಾಣಂತನಕ್ಕೆಂದು ನವೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್ ಸೇರುವ ನನ್ನಂಥ ತಾಯಂದಿರಿಗೆ ಮೊದಲ ಎರಡು ತಿಂಗಳು ಅಡಿಗೆಮನೆಯ ಕಿಟಕಿಯೇ ಪ್ರಪಂಚ. ಹೊರಗೆಲ್ಲ ಬಿಳಿ, ಒಳಗೆ ಮೆಂತ್ಯದ ಲಾಡು, ಎಣ್ಣೆನೀರು. ಸಾಂಬ್ರಾಣಿ ಹಾಕುವಂತಿಲ್ಲ, ಹೊಗೆ ಕಂಡರೆ ಚಾವಣಿಯ ಅಲಾರಂ ಕೂಗಿಕೊಳ್ಳುತ್ತದೆ. ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ನನ್ನ ಕಿವಿಗೆ ಒಂದು ಚರ್ಚೆ ಬೀಳತೊಡಗಿತು. ಶುಕ್ರವಾರ ಸಂಜೆಯಾದರೆ ಮಗಳ ಗೆಳತಿಯರು ಫೋನು ಮಾಡಿ ಕೇಳುವುದು ಒಂದೇ ಪ್ರಶ್ನೆ: ಈ ವಾರ ಎಲ್ಲಿಗೆ? ಯಾವ ಗುಡ್ಡ, ಯಾವ ಕೆರೆ, ಎಲ್ಲಿ ನೋಟ ಚೆನ್ನ? ಮಳೆಗಾಲ ಮುಗಿದ ಮೇಲೆ ನಾವು ಜೋಗಕ್ಕೋ ಆಗುಂಬೆಗೋ ಎಂದು ಲೆಕ್ಕ ಹಾಕುವ ಹಾಗೆ ಅವರು ಹಿಮದಲ್ಲಿ ನಡೆಯುವ ಜಾಗವನ್ನು ಆರಿಸುತ್ತಾರೆ. ಮೊಣಕಾಲುದ್ದದ ಹಿಮದಲ್ಲಿ ನಡೆಯುವುದಾದರೂ ಹೇಗೆ ಎಂದು ಕೇಳಿದ್ದಕ್ಕೆ ಮಗಳು ಕಪಾಟಿನಿಂದ ಒಂದು ಜೊತೆ ಸ್ನೋಶೂ ತಂದು ಮುಂದಿಟ್ಟಳು.

ನೋಡಿದರೆ ನಮ್ಮ ಮನೆಯ ಜರಡಿಗೆ ಬಾಲ ಬಂದ ಹಾಗಿತ್ತು. ಅಲ್ಲಿನ ಫ್ರೆಂಚರು ಇದನ್ನು ‘ರಾಕೆಟ್’ ಎನ್ನುತ್ತಾರೆ, ಟೆನಿಸ್ ಆಡುವ ಬ್ಯಾಟಿಗೂ ಅದೇ ಹೆಸರು. ಬೂಟಿನ ಅಡಿಗೆ ಈ ಅಗಲವಾದ ಹಿಮದ ಮೆಟ್ಟು ಕಟ್ಟಿಕೊಂಡರೆ ಮೈಯ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಕಾಲು ಹೂತುಹೋಗುವುದಿಲ್ಲ. ಉಪಾಯ ಇಷ್ಟೇ. ಮಗಳದು ಅಲ್ಯೂಮಿನಿಯಮ್ಮು, ಪ್ಲಾಸ್ಟಿಕ್ಕು ಸೇರಿದ್ದು. ಹಳೆಯ ಕಾಲದ್ದನ್ನು ಪಕ್ಕದ ಮನೆಯ ಗೋಡೆಯ ಮೇಲೆ ಕಂಡೆ. ಆಶ್ ಎಂಬ ಮರದ ಪಟ್ಟಿಯನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ ಚೌಕಟ್ಟು, ಒಳಗೆಲ್ಲ ಹಸಿ ತೊಗಲಿನ ದಾರದ ಹೆಣಿಗೆ. ಕಣ್ಣು ಕಣ್ಣು ಒಂದೇ ಅಳತೆ. ನಮ್ಮ ಅಜ್ಜಿಯರ ಕಸೂತಿಯನ್ನೋ ಹಗ್ಗದ ಮಂಚದ ಹೆಣಿಗೆಯನ್ನೋ ನೋಡಿ ಬೆಳೆದವರಿಗೆ ಅದರ ಮುಂದೆ ಒಂದು ಗಳಿಗೆ ನಿಲ್ಲದೆ ಇರಲಾಗುವುದಿಲ್ಲ.

ಈ ಮೆಟ್ಟು ಆ ನೆಲದ ಮೂಲನಿವಾಸಿಗಳ ಕೊಡುಗೆ. ಕ್ರೀ, ಇನ್ನು, ಒಜಿಬ್ವೆ, ಹ್ಯೂರಾನ್-ವೆಂಡಾಟ್ ಮುಂತಾದ ಜನ ಇದನ್ನು ತಮ್ಮ ತಮ್ಮ ಕಾಡಿಗೆ ತಕ್ಕಂತೆ ತಿದ್ದಿಕೊಂಡಿದ್ದರು. ಮರಗಳು ಒತ್ತಾಗಿರುವ ಕಡೆ ಕರಡಿಯ ಪಾದದಂತೆ ಗಿಡ್ಡ, ದುಂಡು. ಬಯಲಿನ ಕಡೆ ಉದ್ದ, ಮೂತಿ ಮೇಲೆತ್ತಿದ್ದು. ಮೆಟ್ಟನ್ನು ನೋಡಿದರೆ ಊರು ಹೇಳಬಹುದಿತ್ತು. ಅನೇಕ ಬುಡಕಟ್ಟುಗಳಲ್ಲಿ ಚೌಕಟ್ಟು ಬಗ್ಗಿಸುವುದು ಗಂಡಸರ ಕೆಲಸ, ತೊಗಲು ಹದ ಮಾಡಿ ದಾರ ಸೀಳಿ ಹೆಣೆಯುವುದು ಹೆಂಗಸರ ಕೆಲಸ. ಹೆಣಿಗೆ ಸಡಿಲವಾದರೆ ಬೇಟೆ ಇಲ್ಲ, ಬೇಟೆ ಇಲ್ಲದಿದ್ದರೆ ಊಟ ಇಲ್ಲ. ಯುರೋಪಿನವರು ತುಪ್ಪಳದ ವ್ಯಾಪಾರಕ್ಕೆಂದು ಒಳನಾಡಿಗೆ ನುಗ್ಗಿದ್ದೂ ಇದೇ ಹೆಣಿಗೆಯ ಮೇಲೆ ಕಾಲಿಟ್ಟು. ನಾನು ಮೂವತ್ತು ವರ್ಷ ಸಮಾಜ ಪಾಠದಲ್ಲಿ ಕೆನಡಾ ಎಂದರೆ ಗೋಧಿ, ಕಾಗದ, ತುಪ್ಪಳ ಎಂದು ಮಕ್ಕಳಿಗೆ ಬರೆಸಿದ್ದೇನೆ. ನಮ್ಮ ಪಠ್ಯಪುಸ್ತಕದಲ್ಲಿ ಈ ಹೆಣೆದ ಕೈಗಳಿಗೆ ಒಂದು ಸಾಲಿನ ಜಾಗವೂ ಇರಲಿಲ್ಲ.

ಜಾಗ ಆರಿಸುವುದರಲ್ಲಿ ಅವರದೊಂದು ಲೆಕ್ಕಾಚಾರವಿದೆ, ಅದನ್ನು ಕಲಿತದ್ದು ಪಕ್ಕದ ಮನೆಯ ಎಪ್ಪತ್ತು ದಾಟಿದ ಹೆಂಗಸಿನಿಂದ. ಮೊದಲು ಗಾಳಿ ನೋಡಬೇಕಂತೆ, ಆಮೇಲೆ ನೋಟ. ಬೋಳು ಗುಡ್ಡದ ತುದಿ ಚಿತ್ರದಲ್ಲಿ ಚೆನ್ನ, ಮೂಗಿಗಲ್ಲ. ಫರ್, ಪೈನ್ ಮರಗಳಿರುವ ಕಾಡು ಗಾಳಿಯನ್ನು ತಡೆಯುತ್ತದೆ. ಕಡಿದಾದ ಬೋಳು ಇಳಿಜಾರಿನಲ್ಲಿ ಹಿಮ ಒಟ್ಟಿಗೇ ಜಾರಿ ಬರುವ ಭಯ. ಕೆರೆ ಹೆಪ್ಪುಗಟ್ಟಿದಂತೆ ಕಂಡರೂ ಒಬ್ಬರ ಭಾರಕ್ಕೆ ಕನಿಷ್ಠ 10 ಸೆಂಟಿಮೀಟರ್ ದಪ್ಪದ ಗಟ್ಟಿ ಮಂಜುಗಡ್ಡೆ ಬೇಕು, ನೀರು ಒಳಬರುವ, ಹೊರಹೋಗುವ ಕಡೆ ಅದನ್ನೂ ನಂಬುವಂತಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿನ ಆಸುಪಾಸಿಗೆಲ್ಲ ಸೂರ್ಯ ಮುಳುಗುತ್ತಾನೆ, ಆದ್ದರಿಂದ ತಿರುಗುವ ಹೊತ್ತನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ ಉಳಿದ ಜಾಗಗಳಲ್ಲಿ ಚೆಂದವಾದದ್ದನ್ನು ಆರಿಸಿಕೊಳ್ಳಿ ಎಂದರು. ಹೆಣ್ಣಿಗೆ ಗಂಡು ನೋಡುವಾಗ ನಮ್ಮ ಹಿರಿಯರು ಇದೇ ಕ್ರಮದಲ್ಲಿ ಹೋಗುತ್ತಿದ್ದರು, ಚೆಲುವಿನ ಮಾತು ಕೊನೆಗೆ.

ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಊರಿನ ನಡುವೆಯೇ ಇರುವ ಮೌಂಟ್ ರಾಯಲ್‌ಗೆ. ಎತ್ತರ ಹೆಚ್ಚಿಲ್ಲ, 233 ಮೀಟರು. ನಮ್ಮ ಚಾಮುಂಡಿಬೆಟ್ಟ ಕಂಡವರಿಗೆ ಗುಡ್ಡ ಎನ್ನಲೂ ಸಂಕೋಚ. ಆದರೆ ಬೋಳು ಮೇಪಲ್ ಮರಗಳ ನಡುವೆ ಸುತ್ತಿ ಸುತ್ತಿ ಏರುವ ದಾರಿ, ತುದಿಯಲ್ಲಿ ಕಾಲ ಕೆಳಗೆ ಇಡೀ ಊರು, ಅದರಾಚೆ ಬಿಳಿ ಪಟ್ಟಿಯಂಥ ಸೇಂಟ್ ಲಾರೆನ್ಸ್ ನದಿ. ಈ ನೋಟವೂ ಯೋಚಿಸಿ ಮಾಡಿದ್ದೇ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಶಿಲ್ಪಿಗಳಲ್ಲಿ ಒಬ್ಬನಾದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಇದನ್ನೂ ರೂಪಿಸಿದ. 1876ರಲ್ಲಿ ಉದ್ಯಾನ ಜನರಿಗೆ ತೆರೆಯಿತು. ದಾರಿ ನಿಧಾನವಾಗಿ ಏರಬೇಕು, ನೋಟ ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳಬೇಕು, ಅಶಕ್ತರೂ ಏರುವಂತಿರಬೇಕು ಎಂಬುದು ಅವನ ಆಸೆ. ಮಂಡಿನೋವಿನ ನನ್ನ ಪಾಲಿಗೆ ಆ ಪುಣ್ಯಾತ್ಮನ ಆಸೆ ಫಲಿಸಿತು.

ಉದ್ಯಾನವಾಗುವುದಕ್ಕೆ ಮೊದಲೇ ಹಿಮದ ಮೆಟ್ಟಿನವರು ಈ ಗುಡ್ಡವನ್ನು ಹಿಡಿದಿದ್ದರು. 1840ರ ದಶಕದಲ್ಲಿ ಹುಟ್ಟಿದ ಮಾಂಟ್ರಿಯಲ್ ಸ್ನೋಶೂ ಕ್ಲಬ್ಬಿನ ಗಂಡಸರು ನೀಲಿ ಉಣ್ಣೆಟೋಪಿ, ಕಂಬಳಿಯ ಕೋಟು ತೊಟ್ಟು, ಪಂಜು ಹಿಡಿದು ರಾತ್ರಿ ಗುಡ್ಡ ಹತ್ತಿ ಆ ಕಡೆ ಇಳಿದು ಊಟ, ಹಾಡು ಮಾಡುತ್ತಿದ್ದರು. ಹೆಚ್ಚಿನವರು ವರ್ತಕರು, ಗುಮಾಸ್ತರು. 1883ರ ಚಳಿಗಾಲದ ಉತ್ಸವದಲ್ಲಿ ಮಂಜುಗಡ್ಡೆಯ ಅರಮನೆ ಕಟ್ಟಿ, ಪಂಜು ಹಿಡಿದ ಇದೇ ಕ್ಲಬ್ಬುಗಳವರು ಅದಕ್ಕೆ ಲಗ್ಗೆ ಹಾಕುವ ಆಟ ಹೂಡಿದರು. ವಿಲಿಯಂ ನಾಟ್‌ಮನ್ ಎಂಬ ಛಾಯಾಗ್ರಾಹಕನಂತೂ ಸ್ಟುಡಿಯೋದ ಒಳಗೇ ಉಪ್ಪು ಚೆಲ್ಲಿ, ಕುರಿಯ ತುಪ್ಪಳ ಹಾಸಿ, ಹಿಮದಂತೆ ಕಾಣಿಸಿ, ಸ್ನೋಶೂ ತೊಟ್ಟ ಭದ್ರಜನರ ಚಿತ್ರ ತೆಗೆಯುತ್ತಿದ್ದ. ಆ ಚಿತ್ರಗಳನ್ನು ಪುಸ್ತಕದಲ್ಲಿ ನೋಡಿದೆ. ಮುಖದಲ್ಲಿ ಎಂಥ ಗಾಂಭೀರ್ಯ! ಚಳಿಯಿಲ್ಲ, ಗಾಳಿಯಿಲ್ಲ, ಬರೀ ಉಪ್ಪು. ಅವರ ಕಾಲಿನ ಮೆಟ್ಟಿನ ಕಡೆ ನೋಡಿದರೆ ಮಾತ್ರ ಮತ್ತೆ ಅದೇ ಹೆಣಿಗೆ. ಕ್ವಿಬೆಕ್ ನಗರದ ಬಳಿಯ ವೆಂಡೇಕ್‌ನಲ್ಲಿ ಹ್ಯೂರಾನ್-ವೆಂಡಾಟ್ ಕುಟುಂಬಗಳು ಆ ಕಾಲದಲ್ಲಿ ಮಾರಾಟಕ್ಕೆಂದೇ ಸ್ನೋಶೂ, ತೊಗಲಿನ ಬೂಟು ಮಾಡುತ್ತಿದ್ದವು. ಯಾರಿಗೆ ಅದು ಹೊಟ್ಟೆಪಾಡಾಗಿತ್ತೋ ಅವರಿಂದ ಕೊಂಡು ಇವರು ಆಡಿದರು. ಈಗ ಗುಡ್ಡದ ಮೇಲಿನ ನೋಟದ ಕಟ್ಟೆಗೆ ಕೊಂಡಿಯಾರೊಂಕ್ ಎಂಬ ವೆಂಡಾಟ್ ನಾಯಕನ ಹೆಸರಿದೆ. 1701ರಲ್ಲಿ ಫ್ರೆಂಚರಿಗೂ ಹಲವಾರು ಬುಡಕಟ್ಟುಗಳಿಗೂ ಶಾಂತಿ ಒಪ್ಪಂದವಾಗಲು ದುಡಿದು, ಅದೇ ಸಭೆಯ ದಿನಗಳಲ್ಲಿ ಮಾಂಟ್ರಿಯಲ್ಲಿನಲ್ಲೇ ತೀರಿಕೊಂಡವನು. ಹೆಸರು ಇಟ್ಟದ್ದು ಸರಿಯಾದ ಕೆಲಸವೇ. ಹೆಣೆದ ಹೆಂಗಸರ ಹೆಸರಿನ ಕಟ್ಟೆ ನನಗೆ ಕಾಣಲಿಲ್ಲ.

ಚೆಂದದ ಜಾಗಗಳಿಗೆ ರಕ್ತದ ನೆನಪೂ ಇರುತ್ತದೆ. ಅಮೆರಿಕದ ಲೇಕ್ ಜಾರ್ಜ್ ದಂಡೆಯ ರೋಜರ್ಸ್ ರಾಕ್ ಎಂಬ ಬಂಡೆಯನ್ನು ನೋಡಲು ಜನ ಹೋಗುತ್ತಾರೆ. 1758ರ ಮಾರ್ಚಿನಲ್ಲಿ ಅದರ ಬಳಿ ನಡೆದ ಕಾಳಗಕ್ಕೆ ‘ಸ್ನೋಶೂಗಳ ಮೇಲಿನ ಕದನ’ ಎಂದೇ ಹೆಸರು. ಬ್ರಿಟಿಷರ ಪರವಾಗಿದ್ದ ರಾಬರ್ಟ್ ರೋಜರ್ಸನ ಸುಮಾರು 180 ಜನರಲ್ಲಿ ಹೆಚ್ಚಿನವರು ಹಿಂತಿರುಗಲಿಲ್ಲ. ಅವನು ಆ ಬಂಡೆಯಿಂದ ಜಾರಿ ತಪ್ಪಿಸಿಕೊಂಡ ಎಂಬುದು ಐತಿಹ್ಯ. ಅದಿರಲಿ, ಗಂಡಸರ ಕಾಳಗದ ಕಥೆಗಳಿಗೆ ಪುಸ್ತಕಗಳಲ್ಲಿ ಎಂದೂ ಕೊರತೆಯಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಹೆಜ್ಜೆ. ಮಗು ಮಲಗಿದ ಮಧ್ಯಾಹ್ನಗಳಲ್ಲಿ ಓದಲೆಂದು ಮಗಳು ಗ್ರಂಥಾಲಯದಿಂದ ಸ್ಯಾಮುಯೆಲ್ ಹಿಯರ್ನ್‌ನ ಪ್ರವಾಸಕಥನ ತಂದುಕೊಟ್ಟಿದ್ದಳು. ಹಡ್ಸನ್ ಬೇ ಕಂಪನಿಯ ನೌಕರ; ತಾಮ್ರದ ಗಣಿ ಹುಡುಕುತ್ತ ಉತ್ತರದ ಸಮುದ್ರದವರೆಗೆ ನಡೆದವನು. ಅವನ ಪುಸ್ತಕ ಅಚ್ಚಾದದ್ದು ಅವನು ಸತ್ತ ಮೇಲೆ, 1795ರಲ್ಲಿ. ಎರಡು ಸಲ ಹೊರಟು ಸೋತು ಬಂದಾಗ ಮಾಟೊನಾಬಿ ಎಂಬ ಚಿಪೆವಿಯನ್ ನಾಯಕ ಅವನಿಗೆ ಕಾರಣ ಹೇಳಿದನಂತೆ: ನೀನು ಹೆಂಗಸರನ್ನು ಕರೆದುಕೊಂಡು ಹೋಗಲಿಲ್ಲ, ಅದಕ್ಕೇ. ಒಬ್ಬ ಹೆಂಗಸು ಇಬ್ಬರು ಗಂಡಸರ ಹೊರೆ ಎಳೆಯುತ್ತಾಳೆ, ಡೇರೆ ಹಾಕುತ್ತಾಳೆ, ಬಟ್ಟೆ ಹೊಲಿಯುತ್ತಾಳೆ. ಹೊಗಳಿಕೆಯೋ ಎತ್ತಿಗೆ ಬೆಲೆ ಕಟ್ಟಿದ್ದೋ, ನೀವೇ ಹೇಳಿ. ಅಂತೂ ಮೂರನೆಯ ಸಲ ಹೆಂಗಸರು ಜೊತೆಗಿದ್ದರು, ಪ್ರಯಾಣ ಮುಗಿಯಿತು.

ಹಿಂತಿರುಗುವ ದಾರಿಯಲ್ಲಿ, 1772ರ ಜನವರಿಯಲ್ಲಿ, ಬೇಟೆಗೆ ಹೋದವರ ಕಣ್ಣಿಗೆ ಹಿಮದ ಮೇಲೆ ಒಂದು ಅಪರಿಚಿತ ಸ್ನೋಶೂವಿನ ಗುರುತು ಬಿತ್ತು. ತಮ್ಮವರದಲ್ಲ. ಹಿಂಬಾಲಿಸಿದರು. ಬಹಳ ದೂರದಲ್ಲಿ ಒಂದು ಪುಟ್ಟ ಗುಡಿಸಲು, ಒಳಗೆ ಒಬ್ಬಳೇ ಒಬ್ಬ ಯುವತಿ. ಆಗ ಡಾಗ್‌ರಿಬ್ ಎಂದು ಕರೆಯುತ್ತಿದ್ದ, ಈಗ ಟ್ಲಿಚೊ ಎಂಬ ತಮ್ಮದೇ ಹೆಸರಿನಿಂದ ಕರೆದುಕೊಳ್ಳುವ ಜನರವಳು. 1770ರ ಬೇಸಿಗೆಯಲ್ಲಿ ಬೇರೊಂದು ಬುಡಕಟ್ಟಿನವರು ಅವಳ ತಂದೆ, ತಾಯಿ, ಗಂಡ ಎಲ್ಲರನ್ನೂ ಕೊಂದು ಅವಳನ್ನು ಹೊತ್ತೊಯ್ದಿದ್ದರು. ಬಟ್ಟೆಯ ಗಂಟಿನಲ್ಲಿ ನಾಲ್ಕೈದು ತಿಂಗಳ ಕೂಸನ್ನು ಬಚ್ಚಿಟ್ಟುಕೊಂಡಿದ್ದಳು. ಹೊತ್ತೊಯ್ದವರ ಬೀಡು ಸೇರಿದಾಗ ಅಲ್ಲಿನ ಹೆಂಗಸೊಬ್ಬಳು ಅದನ್ನು ಕಿತ್ತುಕೊಂಡು ಕೊಂದಳು. ಮಡಿಲಲ್ಲಿ ಮೊಮ್ಮಗುವನ್ನಿಟ್ಟುಕೊಂಡು ಈ ಸಾಲು ಓದಿದವಳು ನಾನು. ಪುಸ್ತಕ ಮಡಿಸಿಟ್ಟು ಮರುದಿನವೇ ಮುಂದುವರಿಸಿದ್ದು.

ಮುಂದಿನ ಬೇಸಿಗೆಯಲ್ಲಿ ಅವಳು ತಪ್ಪಿಸಿಕೊಂಡಳು. ನದಿ, ಕೆರೆಗಳ ದಾರಿಯ ತಿರುವುಗಳು ನೆನಪಿಗೆ ಬಾರದೆ ಒಂದು ಜಾಗ ನೋಡಿ ನೆಲೆ ನಿಂತಳು. ಏಳು ತಿಂಗಳು ಮನುಷ್ಯರ ಮುಖ ಕಂಡಿರಲಿಲ್ಲ. ಉರುಳು ಒಡ್ಡಿ ಮೊಲ, ಅಳಿಲು, ಕಾಡುಕೋಳಿ ಹಿಡಿದು ತಿಂದು ಮೈತುಂಬಿಕೊಂಡೇ ಇದ್ದಳು. ಉರುಳಿಗೂ ಹೊಲಿಗೆಗೂ ಇಟ್ಟುಕೊಂಡಿದ್ದ ಜಿಂಕೆಯ ನರದ ದಾರ ಮುಗಿದಾಗ ಮೊಲದ ಕಾಲಿನ ನರಗಳನ್ನೇ ಹೊಸೆದಳು. ಎರಡು ಕಲ್ಲು ಕುಟ್ಟಿ ಬೆಂಕಿ ಮಾಡುವುದು ಕಷ್ಟವೆಂದು ಚಳಿಗಾಲವಿಡೀ ಬೆಂಕಿ ಆರಲು ಬಿಡಲಿಲ್ಲ. ಆಯುಧ, ಹತ್ಯಾರು ಎಂದರೆ ಕಬ್ಬಿಣದ ಪಟ್ಟಿಯ ಒಂದು ತುಂಡು, ಬಾಣದ ಒಂದು ಕಬ್ಬಿಣದ ಕಡ್ಡಿ. ತನಗೆ ಬೇಕಾದ ಮರದ ಸಾಮಾನುಗಳನ್ನು ಅವುಗಳಿಂದಲೇ ಮಾಡಿಕೊಂಡಿದ್ದಳು. ಹಿಯರ್ನ್ ಬೆರಗಾದದ್ದು ಇದಕ್ಕೂ ಹೆಚ್ಚಾಗಿ ಅವಳ ಉಡುಪಿಗೆ. ಮೊಲದ ಚರ್ಮದ ಆ ಬಟ್ಟೆಯನ್ನು ಅವಳು ಬೆಚ್ಚಗಿದ್ದರೆ ಸಾಕೆಂದು ಹೊಲಿದಿರಲಿಲ್ಲ, ವಿನ್ಯಾಸವಿತ್ತು, ಅಲಂಕಾರವಿತ್ತು. ನೋಡುವವರು ಯಾರು? ಯಾರೂ ಇಲ್ಲ. ನನ್ನ ಕಣ್ಣು ಹೋದದ್ದು ಅಲ್ಲಿಗೇ. ಸೌಂದರ್ಯ ಹೊಟ್ಟೆ ತುಂಬಿದವರ ಚಟ ಎಂದು ನಮ್ಮ ಮನೆಗಳಲ್ಲಿ ರಂಗೋಲಿ ಇಡುವ ಹುಡುಗಿಯರಿಗೂ ಬೈಯುವುದುಂಟು. ಬಿಡುವಿನ ಹೊತ್ತಿನಲ್ಲಿ ವಿಲೋ ಮರದ ಒಳತೊಗಟೆಯನ್ನು ನೂಲಿನಂತೆ ಹೊಸೆಯುತ್ತಿದ್ದಳು; ನೂರಾರು ಮಾರು ಆಗಿತ್ತು. ವಸಂತ ಬಂದಾಗ ಮೀನಿನ ಬಲೆ ಹೆಣೆಯಬೇಕೆಂದು.

ಸಿಕ್ಕಿದ ಸಂಜೆ ಅವಳಿಗಾಗಿ ಗಂಡಸರು ಕುಸ್ತಿಗಿಳಿದರು. ಒಂದೇ ಸಂಜೆ ಹತ್ತಿರ ಹತ್ತಿರ ಹತ್ತು ಜನ ಅವಳನ್ನು ಗೆದ್ದರು, ಸೋತರು. ಏಳು ಹೆಂಡಿರಿದ್ದ ಮಾಟೊನಾಬಿಯೂ ಎದ್ದನಂತೆ. ಇರುವವರನ್ನೇ ನೋಡಿಕೊಳ್ಳಲು ನಿನಗೆ ಆಗುತ್ತಿಲ್ಲವಲ್ಲ ಎಂಬರ್ಥದ ಮಾತನ್ನು ಅವನ ಹೆಂಡಿರಲ್ಲಿ ಒಬ್ಬಳು ಎಲ್ಲರ ಮುಂದೆ ಆಡಿಬಿಟ್ಟಳು. ಅವನು ಹೊಡೆದ ಏಟಿಗೆ ಕೆಲವು ಕಾಲ ನರಳಿ ಅವಳು ಸತ್ತಳು. ಇದೆಲ್ಲ ಒಬ್ಬ ಇಂಗ್ಲಿಷನ ಕಣ್ಣಿನಿಂದ ಕಂಡದ್ದು, ಅವನ ಜನ ತಮ್ಮ ಮನೆಗಳಲ್ಲಿ ಹೆಂಡಿರನ್ನು ಹೊಡೆಯುತ್ತಿರಲಿಲ್ಲವೆಂದೇನೂ ಅಲ್ಲ. ಈ ಇಬ್ಬರು ಹೆಂಗಸರ ಹೆಸರುಗಳನ್ನು ಅವನು ಬರೆದಿಡಲಿಲ್ಲ.

ಆ ವಾರದ ಶುಕ್ರವಾರ ಫೋನು ಬಂದಾಗ ಮಗಳು, “ಅಮ್ಮ, ಈ ಸಲ ನೀನೇ ಹೇಳು” ಎಂದಳು. ಕಟ್ಟೆ, ಗೋಪುರ, ಊರಿನ ನೋಟ ಬೇಡ, ಕಾಡಿನೊಳಗೆ ನೀರಿರುವ ಕಡೆ ಹೋಗೋಣ ಎಂದೆ. ಸೇಂಟ್ ಬ್ರೂನೋ ಎಂಬ ಗುಡ್ಡಕ್ಕೆ ಹೋದೆವು. ಊರಿಂದ ದೂರವಿಲ್ಲ, ಗುಡ್ಡದ ಮಡಿಲಲ್ಲಿ ಪುಟ್ಟ ಪುಟ್ಟ ಕೆರೆಗಳು, 1761ರ ಒಂದು ಹಳೆಯ ಗಿರಣಿ. ಮಗುವನ್ನು ಅಳಿಯಂದಿರ ಹತ್ತಿರ ಬಿಟ್ಟು ಹೆಂಗಸರು ನಾಲ್ವರೇ ನಡೆದೆವು. ಕೆರೆಯ ಏರಿಯ ಪೊದೆಯ ಪಕ್ಕ ಮೊಲದ ಹೆಜ್ಜೆ ಕಂಡಿತು, ಮುಂದೆ ಎರಡು ಉದ್ದ ಗುರುತು, ಹಿಂದೆ ಎರಡು ಚಿಕ್ಕವು. ಮಗಳು ಕ್ಯಾಮೆರಾ ತೆಗೆಯುವಷ್ಟರಲ್ಲಿ ಅವಳ ಗೆಳತಿ ಬಗ್ಗಿ, ಉರುಳು ಹಾಕುವುದಾದರೆ ಎಲ್ಲಿ ಹಾಕಬೇಕು ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆನ್ನ ಹಿಂದೆ ನಾಲ್ಕು ಜೊತೆ ಜರಡಿಗಳ ಗುರುತು ಮರಗಳ ನಡುವೆ ಬಂದಿತ್ತು. ಎರಡೂವರೆಗೆ ತಿರುಗಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ ಅದರ ಮೇಲೆಯೇ ಹಿಂತಿರುಗಿದೆವು.